ಮುದಿ ಕುದುರೆ ಬಿಜಲಿ ಎದ್ದು ನಿಂತ ಕಥೆ

ಕುದುರೆ ಸಾಕುವವರ ಊರಾದ ಮದ್ದಿಕೇರದ ಹೂವಮ್ಮ ಬೆಳಗ್ಗೆ ಲಾಯದ ಬಾಗಿಲು ತೆಗೆದರೆ ಮೊದಲು ನೋಡುತ್ತಿದ್ದುದು ಕುದುರೆಯ ಮುಖವನ್ನಲ್ಲ, ಬಾಲವನ್ನು. ಬಾಲ ಒಣಗಿದ್ದರೆ ಆ ದಿನ ಸುಖ. ಬಾಲ ಒದ್ದೆಯಾಗಿ, ಹಿಂಗಾಲಿನ ಗೊರಸಿನ ತನಕ ಹಸಿರು ನೀರು ಇಳಿದಿದ್ದರೆ ಬಿಜಲಿಗೆ ಮತ್ತೆ ಭೇದಿ ಎಂದು ಅರ್ಥ. ಯುಗಾದಿಯಿಂದ ಈಚೆಗೆ ಒಣ ಬಾಲ ಕಂಡ ಬೆಳಗುಗಳೇ ಕಡಿಮೆ. ನಾಲ್ಕು ದಿನ ವಾಸಿ ಅನ್ನಿಸುವುದು, ಐದನೆಯ ದಿನ ಮತ್ತೆ ಶುರು.

ಬಿಜಲಿ ಬಿಳಿಯ ಹೆಣ್ಣು ಕುದುರೆ. ಅದು ಹುಟ್ಟಿದ ವಾರದಲ್ಲೇ ಅದರ ತಾಯಿ ಸತ್ತಿತ್ತು. ಹೂವಮ್ಮ ಆಗ ಬಾಣಂತಿ. ಒಂದು ಕಂಕುಳಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಮರಿಗೆ ಮೇಕೆ ಹಾಲಿನ ಬಾಟಲಿ. ಮಗಳು ಅಮೂಲ್ಯ ಬೆಳೆದು ಆದವಾನಿಗೆ ಗಂಡನ ಮನೆಗೆ ಹೋದಳು. ಬಿಜಲಿ ಇಲ್ಲೇ ಉಳಿದು, ಇಲ್ಲೇ ಮುದುಕಿಯಾಯಿತು.

ಈಗ ಅದರ ಪಕ್ಕೆಲುಬು ಎಣಿಸಬಹುದು. ಮುಂಗಾಲಿನ ಮಂಡಿಗಳು ಊದಿ ಗಟ್ಟಿಯಾಗಿವೆ, ಹೊರಳುವಾಗ ನೋಯುತ್ತದೆ. ಬೇಸಿಗೆ ಬಂದರೂ ಚಳಿಗಾಲದ ಕೂದಲು ಉದುರಿಲ್ಲ. ಆದವಾನಿ ಸೀಮೆಯ ಬಿಸಿಲಿನಲ್ಲಿ ಕಂಬಳಿ ಹೊದ್ದವರ ಹಾಗೆ ಬೆವರುತ್ತ ನಿಂತಿರುತ್ತದೆ.

ಹೂವಮ್ಮನ ಗಂಡ ಕೊಟ್ರಬಸಪ್ಪ ಹತ್ತಿ ಬೆಳೆಯುವ ರೈತ. ಕುದುರೆ ಎಂದರೆ ಅವನಿಗೂ ಪ್ರಾಣವೇ. ಆದರೆ ಅವನ ಮಾತು ಒಂದೇ.

"ವಯಸ್ಸಾತು. ಮುದಿ ಕುದುರಿ ಹೊಟ್ಟಿ ಹಂಗ ಇರತೈತಿ. ಅದಕ್ಕ್ಯಾವ ಔಷಧ?"

"ಔಷಧ ಐತೋ ಇಲ್ಲೋ ಯಾರನ್ನ ಕೇಳೀರಿ?" ಎಂದಳು ಹೂವಮ್ಮ.

"ಭೀಮಲಿಂಗಪ್ಪ ಮಾವನ್ನ ಕೇಳೀನಿ. ಅವನಕಿಂತ ಕುದುರಿ ಬಲ್ಲೋರು ಈ ಊರಾಗ ಯಾರದಾರ?"

ಅದೂ ಸುಳ್ಳಲ್ಲ. ಭೀಮಲಿಂಗಪ್ಪ ಹರೆಯದಲ್ಲಿ ದೊಡ್ಡ ಸವಾರ. ಕುದುರೆ ಕೊಳ್ಳುವವರು ಈಗಲೂ ಮೊದಲು ಅವನನ್ನು ಕರೆದು ತೋರಿಸುತ್ತಾರೆ. ಅವನು ಬಂದ, ಬಿಜಲಿಯ ಸುತ್ತ ಒಂದು ಸುತ್ತು ತಿರುಗಿದ, ದಾಳಿಂಬೆ ಸಿಪ್ಪೆಯ ಕಷಾಯ ಹೇಳಿದ. ಅದು ಹಿಡಿಯಲಿಲ್ಲ. ಮನುಷ್ಯರಿಗೆ ಕೊಡುವ ಭೇದಿ ಮಾತ್ರೆಯನ್ನು ಔಷಧದ ಅಂಗಡಿಯಿಂದ ತರಿಸಿ ಬೆಲ್ಲದಲ್ಲಿಟ್ಟು ತಿನ್ನಿಸಿದರು. ಅದೂ ಹಿಡಿಯಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಭೀಮಲಿಂಗಪ್ಪ ಲಾಯದ ಬಕೆಟ್ಟು ನೋಡಿದ.

"ಏ ಕೊಟ್ರಾ, ಹಿಂಗ ಬಕೆಟ್‌ಗಟ್ಲೆ ನೀರು ಇಟ್ರ ಭೇದಿ ಯಾವಾಗ ನಿಂದ್ರಬೇಕು? ಒಳಗ ಹೋದದ್ದು ಹೊರಗ ಬರತೈತಿ. ನೀರು ಬಂದ್ ಮಾಡು. ಹೊಟ್ಟಿ ಒಣಗಲಿ."

ಕೊಟ್ರಬಸಪ್ಪ ಬಕೆಟ್ಟು ಎತ್ತಿದ.

"ಬ್ಯಾಡ್ರಿ! ಈ ಬಿಸಿಲಾಗ ನೀರಿಲ್ದ ಆಕಿ ಹೆಂಗ ಇರಬೇಕು?" ಹೂವಮ್ಮ ಅಡ್ಡ ಬಂದಳು.

"ಎರಡು ದಿನ ತಡಿ. ನಿಂತ್ರ ನಿಂತಿತು. ನಿಂದ್ರದಿದ್ರ, ಮುದಿ ದನ ಒಯ್ಯೋರು ಸೋಮವಾರ ಬರತಾರ. ಅವರ ಗಾಡಿ ಹತ್ತಿಸಿ ಕಳಿಸ್ತೀನಿ. ಹಿಂಗ ನರಳೋದು ನೋಡಾಕ ನನ್ನ ಕೈಲೆ ಆಗಂಗಿಲ್ಲ."

ಕೊಟ್ರಬಸಪ್ಪನ ದನಿ ಗಟ್ಟಿಯಿತ್ತು. ಕಣ್ಣು ಮಾತ್ರ ಬಿಜಲಿಯ ಕಡೆ ತಿರುಗಲಿಲ್ಲ.

ಹೂವಮ್ಮ ಆ ದಿನ ಸುಮ್ಮನಾದಳು. ಊರಿನ ಹಿರಿಯ ಹೇಳಿದ್ದಾನೆ, ಗಂಡ ಒಪ್ಪಿದ್ದಾನೆ, ತಾನೇನು ಓದಿದವಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಮರುದಿನ ಮಧ್ಯಾಹ್ನ ಹೊಲದಿಂದ ಬಂದವಳಿಗೆ ಲಾಯದಲ್ಲಿ ಕಂಡದ್ದು ಬೇರೆಯೇ. ಬಿಜಲಿ ಮಲಗಿತ್ತು. ಹೆಜ್ಜೆ ಸಪ್ಪಳಕ್ಕೆ ಯಾವಾಗಲೂ ಕಿವಿ ನಿಮಿರಿಸುತ್ತಿದ್ದ ಕುದುರೆ ಈಗ ಕಿವಿ ಕೂಡ ಅಲ್ಲಾಡಿಸಲಿಲ್ಲ. ಕಣ್ಣು ಗುಳಿ ಬಿದ್ದಿತ್ತು. ಬಾಯಿ ತೆರೆದು ನೋಡಿದರೆ ಒಸಡು ಒಣಗಿ ಅಂಟಂಟಾಗಿತ್ತು. ಭೇದಿ ಮಾತ್ರ ನಿಂತಿರಲಿಲ್ಲ.

ಹೂವಮ್ಮ ಯಾರನ್ನೂ ಕೇಳಲಿಲ್ಲ. ಬಕೆಟ್ಟು ತುಂಬಿ ತಂದು ಬಿಜಲಿಯ ಮೂತಿಗೆ ಹಿಡಿದಳು. ಇನ್ನೊಂದು ಕೈಯಲ್ಲಿ ಫೋನು ತೆಗೆದು ಪಶು ಆಂಬುಲೆನ್ಸಿನ 1962 ಒತ್ತಿದಳು. ಗಂಡ ಬಾಗಿಲಲ್ಲಿ ಬಂದು ನಿಂತಾಗ ಅವಳು ತಲೆ ಎತ್ತಲೂ ಇಲ್ಲ.

"ಡಾಕ್ಟರ್‌ನ ಕರದೀನಿ. ಬೈಯೋದಿದ್ರ ಆಮ್ಯಾಲೆ ಬೈರಿ. ಈಗ ಇನ್ನೊಂದು ಬಕೆಟ್ ನೀರು ತರ್ರಿ."

ಕೊಟ್ರಬಸಪ್ಪ ಇನ್ನೊಂದು ಬಕೆಟ್ಟು ಎತ್ತಿಕೊಂಡ. ನೀರು ತರಲು ಹೋದ.

ಬಂದವಳು ಪಶುವೈದ್ಯೆ ವಿಷ್ಣುಪ್ರಿಯಾ. ಆದವಾನಿಯ ಹುಡುಗಿ. ಮಾತು ಕನ್ನಡದಲ್ಲಿ ಶುರುವಾದರೆ ತೆಲುಗಿನಲ್ಲಿ ಮುಗಿಯುವುದು. ಬಂದವಳೇ ಬಿಜಲಿಯ ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಟ್ಟಳು. ಚರ್ಮ ಕೂಡಲೇ ಕೆಳಗೆ ಕೂರಲಿಲ್ಲ, ಮಡಿಕೆಯಾಗಿ ನಿಂತಿತು.

"ಚೂಡಂಡಿ, ನೋಡ್ರಿ, ಇದು ಹಿಂಗ ನಿಂತೈತಿ ಅಂದ್ರ ಮೈಯಾಗ ನೀರಿಲ್ಲ. ನೀರು ಯಾಕ ಕೊಟ್ಟಿಲ್ಲ?"

"ಕೊಟ್ರ ಇನ್ನೂ ತೆಳ್ಳಗ ಹೋಗತೈತಲ್ರಿ, ಡಾಕ್ಟರಮ್ಮ," ಎಂದ ಕೊಟ್ರಬಸಪ್ಪ.

"ಅಣ್ಣಾರ, ನಿಮ್ಮ ಮನಿ ತೊಟ್ಟಿ ತಳದಾಗ ಸೋರತೈತಿ ಅಂತ ತಿಳಕೊಳ್ರಿ. ಮ್ಯಾಲಿಂದ ನೀರು ಹಾಕಾದು ಬಿಟ್ರ ಸೋರೋದು ನಿಂದ್ರತೈತೇನು?"

ಕೊಟ್ರಬಸಪ್ಪ ಯೋಚಿಸಿದ. "ನಿಂದ್ರತೈತಿ. ತೊಟ್ಟಿ ಬರಿದಾದ ಮ್ಯಾಲೆ."

"ಹಾಂ. ಕುದುರಿ ಬರಿದಾಗಬಾರದು. ಭೇದಿ ಇದ್ದಾಗ ನೀರು ಹೆಚ್ಚಿಗೆ ಬೇಕು."

ಲಾಯದ ತೊಲೆಗೆ ಸಲೈನ್ ಬಾಟಲಿ ಕಟ್ಟಿದರು. ಒಂದು ಬಾಟಲಿ ಮುಗಿದರೆ ಇನ್ನೊಂದು. ಹೂವಮ್ಮ ಎರಡು ಬಕೆಟ್ಟು ಇಟ್ಟಳು, ಒಂದರಲ್ಲಿ ಡಾಕ್ಟರು ಅಳತೆ ಮಾಡಿ ಹಾಕಿದ ಉಪ್ಪಿನ ನೀರು, ಪಕ್ಕದಲ್ಲೇ ಸಾದಾ ನೀರು. ಯಾವುದು ಬೇಕೋ ಕುದುರೆಯೇ ಆರಿಸಿಕೊಳ್ಳುತ್ತದೆ, ಉಪ್ಪಿನ ನೀರೊಂದನ್ನೇ ಇಟ್ಟು ಬಲವಂತ ಮಾಡಬಾರದು ಎಂದಳು ವಿಷ್ಣುಪ್ರಿಯಾ. ಹೊತ್ತು ಇಳಿಯುವ ವೇಳೆಗೆ ಬಿಜಲಿ ಮುಂಗಾಲು ಊರಿತು. ಒಮ್ಮೆ ಜಾರಿತು. ಕೊಟ್ರಬಸಪ್ಪ ಹೆಗಲು ಕೊಟ್ಟ, ಹೂವಮ್ಮ ಹಿಂದಿನಿಂದ ತಡೆದಳು. ಎರಡನೆಯ ಸಲ ಬಿಜಲಿ ಎದ್ದು ನಿಂತಿತು. ನಿಂತು ಮಾಡಿದ ಮೊದಲ ಕೆಲಸ, ಬಕೆಟ್ಟಿಗೆ ಮೂತಿ ಹಾಕಿದ್ದು.

"ಭೇದಿ ನಿಂದ್ರಾಕ ಒಂದು ಸೂಜಿ ಹಾಕಿಬಿಡ್ರಿ ಅಮ್ಮಾ," ಎಂದ ಕೊಟ್ರಬಸಪ್ಪ.

"ನಿಂದ್ರಸಾಕ ಏನು ಬೇಕು ಅಂತ ಕೇಳಬ್ಯಾಡ್ರಿ. ಯಾಕ ಬಂದೈತಿ ಅಂತ ಕೇಳ್ರಿ. ಮುದಿ ಕುದುರಿಗೆ ಹೊಟ್ಟಿ ಒಂದ ಕೆಟ್ಟಿರಂಗಿಲ್ಲ. ಪೂರ್ತಿ ಕುದುರಿ ನೋಡಬೇಕು."

ಹಾಗೆಂದು ಅವಳು ಬಾಯಿಯಿಂದ ಶುರು ಮಾಡಿದಳು. ಬಿಜಲಿಯ ಬಾಯಿ ಅಗಲಿಸಿ ಬ್ಯಾಟರಿ ಬಿಟ್ಟು ನೋಡಿದಳು. ಹಿಂದಿನ ಹಲ್ಲುಗಳು ಒಂದೊಂದು ಒಂದೊಂದು ಎತ್ತರ. ಅಂಚು ಚೂಪಾಗಿ ಕೆನ್ನೆಯ ಒಳಗೆ ಗಾಯವಾಗಿತ್ತು. ಲಾಯದ ಮೂಲೆಯಲ್ಲಿ ಬಿದ್ದಿದ್ದ, ಜೋಳದ ಒಣ ದಂಟಿನ ಮೇವಾದ ಕಣಕಿಯ ಉಂಡೆಗಳನ್ನು ತೋರಿಸಿ ಕೇಳಿದಳು, "ಇವನ್ನ ಯಾರು ಉಗುಳ್ಯಾರ?"

"ಆಕಿನ. ಮೇವು ಅಗದು ಅಗದು ಹಿಂಗ ಉಗುಳತಾಳ," ಎಂದಳು ಹೂವಮ್ಮ.

"ಅಗಿಯಾಕ ಬರಂಗಿಲ್ಲ, ಅದಕ್ಕ. ಉಗುಳದೆ ನುಂಗಿದ್ದು ಹಂಗ ಉದ್ದುದ್ದ ಹೊಟ್ಟಿಗೆ ಹೋಗತೈತಿ. ಅದು ಅರಗಂಗಿಲ್ಲ."

ಆಮೇಲೆ ಮಂಡಿ ಹಿಡಿದು ನೋಡಿದಳು. ನೋವಿಗೆ ಏನಾದರೂ ಕೊಡುತ್ತೀರಾ ಎಂದು ಕೇಳಿದಳು. ಕೊಟ್ರಬಸಪ್ಪ ಹೆಮ್ಮೆಯಿಂದಲೇ ಗೂಡಿನಲ್ಲಿದ್ದ ಪುಡಿಯ ಪೊಟ್ಟಣ ತಂದ. ಬಹಳ ಹಿಂದೆ ಯಾರೋ ಡಾಕ್ಟರು ಕೆಲವು ದಿನಕ್ಕೆಂದು ಬರೆದುಕೊಟ್ಟದ್ದು. ಅದರಿಂದ ಬಿಜಲಿ ಸಲೀಸಾಗಿ ನಡೆದದ್ದು ಕಂಡು ಅವನು ನಿಲ್ಲಿಸಿರಲೇ ಇಲ್ಲ. ಒಂದು ದಿನವೂ ತಪ್ಪಿಸದೆ ತನ್ನ ಕೈಯಾರೆ ತಿನ್ನಿಸಿದ್ದ.

ವಿಷ್ಣುಪ್ರಿಯಾ ಪೊಟ್ಟಣದ ಮೇಲಿನ ಹೆಸರು ಓದಿದಳು.

"ಅಣ್ಣಾರ, ಈ ಪುಡಿ ಮಂಡಿಗೆ ಚಲೋ. ಆದ್ರ ಭಾಳ ದಿನ ಕೊಟ್ರ ದೊಡ್ಡ ಕರುಳಿನಾಗ ಹುಣ್ಣು ಮಾಡತೈತಿ. ಈ ಭೇದಿಗೆ ಇದೂ ಒಂದು ಕಾರಣ ಅಂತ ನನಗ ಅನ್ನಿಸತೈತಿ."

ಕೊಟ್ರಬಸಪ್ಪನ ಮುಖ ಇಳಿದುಹೋಯಿತು. ಲಾಯದ ಕಟ್ಟೆಯ ಮೇಲೆ ಕೂತುಬಿಟ್ಟ. "ನಾ ಆಕಿಗೆ ನೋವು ಬ್ಯಾಡ ಅಂತ ಕೊಟ್ಟೆ," ಎಂದ.

"ಗೊತ್ತಾತು ಅಣ್ಣಾರ. ಪ್ರೀತಿಲೆ ಕೊಟ್ಟೀರಿ. ಅದಕ್ಕ ಈಗ ಪ್ರೀತಿಲೆ ನಿಲ್ಲಿಸ್ರಿ. ಮಂಡಿಗೆ ಬೇರೆ ದಾರಿ ನೋಡೋಣು."

ಬೇಸಿಗೆಯಲ್ಲೂ ಉದುರದ ಆ ಕೂದಲೂ ಅವಳ ಕಣ್ಣಿಗೆ ಬಿದ್ದಿತ್ತು. ಮುದಿ ಕುದುರೆಗಳ ತಲೆಯೊಳಗಿನ ಒಂದು ಸಣ್ಣ ಗ್ರಂಥಿ ಕೆಟ್ಟರೆ ಹೀಗೆ ಕೂದಲು ಉಳಿಯುತ್ತದೆ, ಬೆನ್ನಿನ ಮಾಂಸ ಕರಗುತ್ತದೆ, ಹುಳುವಿನ ಕಾಟ ಬೇಗ ತಗಲುತ್ತದೆ ಎಂದು ವಿವರಿಸಿದಳು. ರಕ್ತ ತೆಗೆದಳು. ಲದ್ದಿಯನ್ನೂ ಡಬ್ಬಿಗೆ ಹಾಕಿಕೊಂಡಳು.

"ಇಷ್ಟೆಲ್ಲಾ ಮಾಡಿದ್ರ ಆಕಿ ಮತ್ತ ಹರೇದಾಕಿ ಆಗತಾಳೇನು?" ಕೊಟ್ರಬಸಪ್ಪ ಕೇಳಿದ. ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಆಗಂಗಿಲ್ಲ. ವಯಸ್ಸಿಗೆ ನನ್ನ ಹತ್ತಿರ ಔಷಧ ಇಲ್ಲ. ಆದ್ರ ವಯಸ್ಸು ಬ್ಯಾರೆ, ರೋಗ ಬ್ಯಾರೆ. ರೋಗಕ್ಕ ಮಾಡೋದು ಭಾಳ ಐತಿ. ಎಲ್ಲಾ ಮಾಡಿದ ಮ್ಯಾಲೂ ಆಕಿಗೆ ಸಂಕಟ ತಡಿಯಾಕ ಆಗದಿದ್ರ ಅವತ್ತು ನಾವು ಮೂರು ಮಂದಿ ಕೂತು, ನೋವಿಲ್ದ ಕಣ್ಣು ಮುಚ್ಚಿಸೋ ವಿಚಾರ ಮಾತಾಡೋಣು. ನೀರು ತಪ್ಪಿಸಿ, ಗಾಡಿ ಹತ್ತಿಸಿ ಕಳಿಸೋದು ಬ್ಯಾಡ."

ಸೋಮವಾರ ಗಾಡಿಯವರು ಬಂದರು. ಕೊಟ್ರಬಸಪ್ಪ ಬಾಗಿಲಲ್ಲೇ ಕೈ ಮುಗಿದು ಅವರನ್ನು ವಾಪಸು ಕಳಿಸಿದ.

ಪರೀಕ್ಷೆಯ ಫಲ ಬಂತು. ಡಾಕ್ಟರಮ್ಮನ ಅನುಮಾನ ನಿಜವಾಗಿತ್ತು, ಗ್ರಂಥಿಯ ತೊಂದರೆ ಇತ್ತು. ಲದ್ದಿಯಲ್ಲಿ ಹುಳುವಿನ ಮೊಟ್ಟೆಗಳೂ ಇದ್ದವು. ಗ್ರಂಥಿಗೆ ದಿನಾ ಒಂದು ಮಾತ್ರೆ, ಹುಳುವಿಗೆ ತೂಕ ನೋಡಿ ಕೊಟ್ಟ ಔಷಧ. ಮುಂದಿನ ವಾರ ವಿಷ್ಣುಪ್ರಿಯಾ ಮಂಪರಿನ ಸೂಜಿ ಹಾಕಿ, ಉದ್ದನೆಯ ಅರದಿಂದ ಬಿಜಲಿಯ ಹಲ್ಲಿನ ಅಂಚುಗಳನ್ನು ಉಜ್ಜಿ ಸಮ ಮಾಡಿದಳು. ನೋಡಲು ಬಂದಿದ್ದ ಭೀಮಲಿಂಗಪ್ಪ ಬಾಯಿ ಬಿಟ್ಟುಕೊಂಡು ನಿಂತ.

"ಕುದುರಿಗೆ ಹಲ್ಲಿನ ಡಾಕ್ಟರು! ನಮಗ ಇಲ್ಲ, ಕುದುರಿಗೆ ಐತಿ!"

"ನಿಮ್ಮವೂ ತೋರಿಸ್ರಿ ಮಾವಾ, ಅರಾ ಕೈಯಾಗ ಐತಿ," ಎಂದಳು ಹೂವಮ್ಮ. ಲಾಯವೆಲ್ಲ ನಕ್ಕಿತು.

ಮೇವು ಬದಲಾಯಿತು. ಉದ್ದ ಕಣಕಿ ಬಂದ್. ಒಣ ಹುಲ್ಲು ಮತ್ತು ಕುದುರೆ ಮಸಾಲೆ ಎಂಬ ಹಸಿರು ಮೇವಿನ ಸೊಪ್ಪನ್ನು ಕೊಟ್ರಬಸಪ್ಪ ತಾನೇ ಸಣ್ಣಗೆ ಕತ್ತರಿಸಿ, ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಟ್ಟ. ಒಂದೇ ಸಲಕ್ಕೆ ಗೋದಲಿ ತುಂಬ ಹಾಕದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ. ಗ್ರಂಥಿಯ ತೊಂದರೆ ಇರುವ ಕುದುರೆಗೆ ಬೆಲ್ಲ, ಹೆಚ್ಚು ಕಾಳು ಕೊಟ್ಟರೆ ಗೊರಸಿಗೆ ಕೇಡು ಎಂದು ಬೆಲ್ಲದ ಡಬ್ಬಿ ಅಡುಗೆಮನೆಗೆ ಹೋಯಿತು. ಮಂಡಿಗೆ ಮೆತ್ತನೆಯ ನೆಲ, ಬೆಳಗು ಸಂಜೆ ಬಯಲಿನಲ್ಲಿ ನಿಧಾನ ನಡಿಗೆ. ಉಳಿದ ಕೂದಲನ್ನು ಕತ್ತರಿಸಿ ಹಗುರ ಮಾಡಿದರು. ಹೂವಮ್ಮ ಹಿಂಗಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಚರ್ಮ ಸುಲಿಯದಂತೆ ಕೊಬ್ಬರಿ ಎಣ್ಣೆ ಹಚ್ಚಿದಳು. ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆದಳು. ಕೆಲವು ಭೇದಿ ಮನುಷ್ಯರಿಗೂ, ಬೇರೆ ಕುದುರೆಗಳಿಗೂ ಅಂಟುತ್ತವೆ ಎಂದು ಡಾಕ್ಟರಮ್ಮ ಒತ್ತಿ ಹೇಳಿದ್ದಳು. ಅದಕ್ಕೇ ಬಿಜಲಿಯ ಬಕೆಟ್ಟು, ಗೋದಲಿ, ಪೊರಕೆ ಎಲ್ಲ ಬೇರೆ.

ಎಲ್ಲವೂ ಸೀದಾ ನಡೆಯಿತು ಎಂದೇನಲ್ಲ. ಭೇದಿ ಕಡಿಮೆಯಾಗುತ್ತ ಬಂದಿದ್ದಾಗ ಒಂದು ದಿನ ಭೀಮಲಿಂಗಪ್ಪ ಅಕ್ಕರೆಯಿಂದ ಹಸಿ ಶೇಂಗಾ ಬಳ್ಳಿಯ ಹೊರೆ ತಂದು ಬಿಜಲಿಯ ಮುಂದೆ ಹಾಕಿದ. ಬಿಜಲಿ ಆಸೆಯಿಂದ ತಿಂದಿತು. ಮರುದಿನ ಬಾಲ ಮತ್ತೆ ಒದ್ದೆ.

"ನೋಡಿದ್ಯಾ? ಡಾಕ್ಟರು ಮಾಡಿದ್ದು ಅಷ್ಟ. ಮೊದಲಿನ ಹಾಡು ಶುರುವಾತು," ಎಂದ ಭೀಮಲಿಂಗಪ್ಪ.

ಉತ್ತರ ಕೊಟ್ಟವನು ಕೊಟ್ರಬಸಪ್ಪ. "ಇಲ್ಲ ಮಾವಾ. ಹೊಸ ಮೇವು ಒಮ್ಮೆಲೆ ಹಾಕಿದ್ದಕ್ಕ ಆಗೈತಿ. ಹೊಸದು ಕೊಡಬೇಕಂದ್ರ ಹಳೇ ಮೇವಿನಾಗ ಒಂದು ಹಿಡಿ ಕಲಸಿ, ದಿನಾ ಒಂದೀಟು ಹೆಚ್ಚು ಮಾಡಬೇಕು. ಹೊರೆ ತಗೊಂಡು ಹೋಗು. ಬಿಟ್ಟು ಬಾ, ಚಹಾ ಕುಡಿಯೋಣು."

ಹೂವಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು. ನಗು ತಡೆಯಲಾಗಲಿಲ್ಲ. ಆ ಭೇದಿ ಎರಡು ಮೂರು ದಿನದಲ್ಲಿ ಇಳಿಯಿತು.

ಮಳೆಗಾಲ ಕಾಲಿಟ್ಟ ಮೇಲೆ ಒಂದು ಬೆಳಗ್ಗೆ ಕೊಟ್ರಬಸಪ್ಪ ಹಲ್ಲುಜ್ಜುತ್ತಿದ್ದಾಗ ಲಾಯದಿಂದ ಹೆಂಡತಿಯ ಕೂಗು ಕೇಳಿತು.

"ಏನ್ರೀ! ಜಲ್ದಿ ಬರ್ರಿ! ಜಲ್ದಿ!"

ಬಿಜಲಿ ಬಿತ್ತೇನೋ ಎಂದು ಅವನು ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿದ. ಹೂವಮ್ಮ ನೆಲಕ್ಕೆ ಬೆರಳು ತೋರಿಸುತ್ತ ನಿಂತಿದ್ದಳು. ನೆಲದ ಮೇಲೆ ಲದ್ದಿ ಬಿದ್ದಿತ್ತು. ಉಂಡೆ ಉಂಡೆಯಾಗಿ, ಗಟ್ಟಿಯಾಗಿ, ಬೆಳ್ಳನೆ ಹಬೆ ಆಡುತ್ತಿದ್ದ ಲದ್ದಿ.

ಗಂಡಹೆಂಡತಿ ಇಬ್ಬರೂ ಅದರ ಸುತ್ತ ನಿಂತು ನೋಡಿದರು. ಕೊಟ್ರಬಸಪ್ಪ ನೊರೆ ಉಗುಳಿ, ಓಣಿಯ ಕಡೆಗೆ ತಿರುಗಿ, ಮಗಳು ಹಡೆದ ಸುದ್ದಿ ಸಾರುವವನ ಹಾಗೆ ಕೂಗಿದ:

"ಮಾವಾ! ಏ ಭೀಮಲಿಂಗಪ್ಪ ಮಾವಾ! ನಮ್ಮ ಬಿಜಲಿ ಉಂಡಿ ಹಾಕ್ಯಾಳ, ಬಂದು ನೋಡು ಬಾ!"

ಓಣಿಯ ಮಂದಿ ಬಂದರು, ನಕ್ಕರು, ನೋಡಿದರು. ಬಿಜಲಿಯ ಮೈ ತುಂಬಿದ್ದನ್ನೂ, ಕಿವಿ ನಿಮಿರಿದ್ದನ್ನೂ ಅವರೆಲ್ಲ ಆಗಲೇ ಗಮನಿಸಿದರು. ಭೀಮಲಿಂಗಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಹೂವಮ್ಮನ ಹತ್ತಿರ ಬಂದ.

"ನಮ್ಮ ಮನ್ಯಾಗಿನ ಮುದಿ ಗಂಡು ಕುದುರಿನೂ ಮೇವು ಉಗುಳತೈತಿ, ತಂಗೀ. ನಾನು ವಯಸ್ಸು ಅಂತ ಬಿಟ್ಟಿದ್ದೆ. ಆ ಡಾಕ್ಟರಮ್ಮ ಮತ್ತ ಯಾವಾಗ ಬರತಾಳ?"

ಹೂವಮ್ಮ ಫೋನು ಹಚ್ಚಿಯೇ ಕೇಳಿದಳು. ಒಂದೊಂದೇ ಮನೆಗೆ ಯಾಕೆ, ಎಲ್ಲರ ಕುದುರೆಗಳನ್ನೂ ಒಂದೇ ದಿನ ನೋಡೋಣ ಎಂದಳು ವಿಷ್ಣುಪ್ರಿಯಾ.

ಊರ ಹೊರಗಿನ ಬಯಲಿನಲ್ಲಿ ಶಿಬಿರ ಏರ್ಪಾಟಾಯಿತು. ಮೈ ಹುರಿಗಟ್ಟಿದ ಹರೆಯದ ಕುದುರೆಗಳು ಬಂದವು, ಮುದಿ ಕುದುರೆಗಳೂ ಬಂದವು. ಆದರೆ ಪರೀಕ್ಷೆಗೆಂದು ಬಿದಿರು ಕಟ್ಟಿ ಮಾಡಿದ ಇಕ್ಕಟ್ಟಾದ ದಾರಿಯೊಳಗೆ ಒಂದೂ ಕಾಲಿಡಲಿಲ್ಲ. ಒಂದು ಹಿಂಗಾಲ ಮೇಲೆ ಎದ್ದಿತು, ಇನ್ನೊಂದು ಹಗ್ಗ ಕಿತ್ತುಕೊಂಡು ಸುತ್ತು ಹೊಡೆಯಿತು. ಸವಾರರೆಲ್ಲ ಬೆವರಿದರು. ಆಗ ಹೂವಮ್ಮ ಬಿಜಲಿಯ ಹಗ್ಗ ಹಿಡಿದು ಮುಂದೆ ಬಂದಳು. ಸೂಜಿ, ಅರ, ಡಾಕ್ಟರಮ್ಮನ ಕೈ ಎಲ್ಲ ಬಿಜಲಿಗೆ ರೂಢಿ. ಅದು ತಲೆ ಎತ್ತಿ, ಸಾವಕಾಶವಾಗಿ, ಮಂಡಿ ಸ್ವಲ್ಪ ಬಿಗಿಯಾಗಿದ್ದರೂ ತಡೆಯದೆ ಒಳಗೆ ನಡೆಯಿತು. ಅದರ ಹಿಂದೆ ಭೀಮಲಿಂಗಪ್ಪನ ಮುದಿ ಕುದುರೆ ಹೆಜ್ಜೆ ಇಟ್ಟಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹರೆಯದವೂ ಕಿವಿ ಆಡಿಸುತ್ತ ಸಾಲು ಹಿಡಿದವು.

ಬಯಲಿನಲ್ಲಿ ಸಿಳ್ಳು, ಚಪ್ಪಾಳೆ. "ನಾಯಕಿ ಬಂದಾಳ, ದಾರಿ ಬಿಡ್ರಿ!" ಎಂದು ಯಾರೋ ಕೂಗಿದರು. ಕೊಟ್ರಬಸಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆಮೇಲೆ ಸಾಲಿನಲ್ಲಿ ನಿಂತವರ ಹತ್ತಿರ ಒಬ್ಬೊಬ್ಬರ ಬಳಿ ಹೋಗಿ, "ನೋವಿನ ಪುಡಿ ಕೊಡತೀರೇನು? ಎಷ್ಟು ದಿನದಿಂದ? ಡಾಕ್ಟರಮ್ಮಗ ಮರೀದೆ ಹೇಳ್ರಿ," ಎಂದು ತಾನೇ ವಿಚಾರಿಸುತ್ತ ಓಡಾಡಿದ. ಹೂವಮ್ಮ ಬಿಜಲಿಯ ಕುತ್ತಿಗೆಗೆ ಕೆನ್ನೆ ಹಚ್ಚಿ ನಿಂತು ಅವನನ್ನೇ ನೋಡುತ್ತಿದ್ದಳು.

ಕುದುರೆ ಸಾಕುವ ಅಕ್ಕಗಳಿರಾ, ಅಣ್ಣಗಳಿರಾ, ನಿಮ್ಮ ಲಾಯದಲ್ಲೂ ಒಂದು ಮುದಿ ಜೀವ ಇರಬಹುದು. ಅದಕ್ಕೆ ಭೇದಿ ಬಂದು ಹೋಗಿ ಮಾಡುತ್ತಿದ್ದರೆ ವಯಸ್ಸು ಎಂದು ಕೈಬಿಡಬೇಡಿ. ನೀರು ನಿಲ್ಲಿಸಬೇಡಿ. ಮನುಷ್ಯರ ಮಾತ್ರೆ ಹಾಕಬೇಡಿ. ನೋವಿನ ಔಷಧವನ್ನು ಡಾಕ್ಟರು ಹೇಳಿದಷ್ಟೇ ದಿನ ಕೊಡಿ. ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಿ, ಲದ್ದಿ ಪರೀಕ್ಷೆ ಮಾಡಿಸಿ, ಮೇವನ್ನು ಮೆತ್ತಗೆ ಮಾಡಿ ನಿಧಾನವಾಗಿ ಬದಲಿಸಿ. ಕುದುರೆ ಮೇವು ಬಿಟ್ಟರೆ, ಜ್ವರ ಬಂದರೆ, ಹೊಟ್ಟೆ ನೋವಿನಿಂದ ಹೊರಳಾಡಿದರೆ, ಲದ್ದಿಯಲ್ಲಿ ರಕ್ತ ಕಂಡರೆ, ಹೊಟ್ಟೆಯ ಕೆಳಗೆ ಬಾವು ಬಂದರೆ, ಒಸಡು ಕಪ್ಪುಗೆಂಪಾದರೆ, ಗೊರಸು ಬಿಸಿಯಾದರೆ ಒಂದು ಗಳಿಗೆಯೂ ಕಾಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನು ಮಾಡಿ.

ನಿಮ್ಮನ್ನು ಹೊತ್ತು ನಡೆದ ಜೀವ ಅದು. ಇವತ್ತೇ ಲಾಯಕ್ಕೆ ಹೋಗಿ, ಅದರ ಬಾಯಿ ತೆರೆದು ನೋಡಿ, ಲದ್ದಿ ನೋಡಿ, ನಿಮಗೆ ಕಂಡದ್ದನ್ನು ಡಾಕ್ಟರಿಗೆ ಹೇಳಿ.